ನಿಲ್ಲಿಸುವುದು ಚಿಕ್ಕಮ್ಮನ ಕೆಲಸ

ಬೆಳಕು ಷೆಡ್ಡಿನೊಳಗೆ ಕಾಲಿಡುವ ಮೊದಲೇ ಚಿಕ್ಕಮ್ಮ ಬೆಂಚಿನ ಮುಂದೆ ಕೂತಾಗಿದೆ. ಷಟರ್ ಮೊಣಕಾಲೆತ್ತರಕ್ಕಷ್ಟೇ ಎದ್ದಿದೆ. ಅದರ ಕೆಳಗಿನಿಂದ ರಸ್ತೆ ಗುಡಿಸುವವರ ಪೊರಕೆಯ ಸದ್ದು, ಹಾಲಿನ ಕ್ರೇಟುಗಳನ್ನು ಎತ್ತಿ ಕುಕ್ಕುವ ಸದ್ದು ತೂರಿ ಬರುತ್ತಿದೆ. ಪೂರ್ತಿ ಎತ್ತಬಾರದೇ ಎಂದು ಕೇಳಿದರೆ ಅವರ ಉತ್ತರ ತುದಿನಾಲಿಗೆಯಲ್ಲೇ ಇದೆ. “ಷಟರ್ ಎತ್ತಿದ್ರೆ ಗಿರಾಕಿ ಬರ್ತಾರೆ, ಗಿರಾಕಿ ಬಂದ್ರೆ ಮಾತು ಬರುತ್ತೆ, ಮಾತು ಬಂದ್ರೆ ಈ ಮಹರಾಯ ಏನು ಹೇಳ್ತಿದ್ದಾನೆ ಅನ್ನೋದು ಕಿವಿಗೆ ಬೀಳಲ್ಲ.”

ಮಹರಾಯ ಅಂದರೆ ಬೆಂಚಿಗೆ ಬಿಗಿದ ಹಿಡಿಕೆ ಯಂತ್ರದ, ಅಂದರೆ ವೈಸಿನ, ದವಡೆಗೆ ಸಿಕ್ಕಿಕೊಂಡಿರುವ, ಎರಡು ಮುಷ್ಟಿ ಗಾತ್ರದ, ಮಸಿ ಮೆತ್ತಿದ ಕಬ್ಬಿಣದ ತುಂಡು. ಕಾರಿನ ಹಿಂದಿನ ಎಡಚಕ್ರದ ಬ್ರೇಕ್ ಕ್ಯಾಲಿಪರ್. ಕಾಲು ಬ್ರೇಕನ್ನು ಒತ್ತಿದಾಗ ಇದರೊಳಗಿನ ಪಿಸ್ಟನ್ ಮುಂದೆ ಬಂದು, ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡುಗಳ ನಡುವೆ ಹಿಡಿಯುತ್ತದೆ. ಕಾಲು ತೆಗೆದಾಗ ಬಿಡುತ್ತದೆ. ಬಿಡಬೇಕು. ಈ ಪಿಸ್ಟನ್ ಬಿಟ್ಟಿಲ್ಲ. ಅಂಟಿಕೊಂಡು ಕೂತಿದೆ.

ಚಿಕ್ಕಮ್ಮ ಅದರ ಅಂಚಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಕಾಯುತ್ತಾರೆ. ಪಿಸ್ಟನ್ನಿನ ಮುಖದ ಮೇಲಿನ ಎರಡು ಗುಂಡಿಗಳಿಗೆ ತಾವೇ ಮಾಡಿಸಿಕೊಂಡ ಎರಡು ಹಲ್ಲಿನ ಪಾನಾ ಕೂರಿಸುತ್ತಾರೆ. ಎಡಕ್ಕೆ ಕೂದಲೆಳೆಯಷ್ಟು, ಬಲಕ್ಕೆ ಕೂದಲೆಳೆಯಷ್ಟು, ಮತ್ತೆ ಎಡಕ್ಕೆ. “ಮುಂದಿನ ಚಕ್ರದ ಪಿಸ್ಟನ್ ಸಾಧು ಪ್ರಾಣಿ. ಒತ್ತಿದ್ರೆ ಒಳಗೆ ಹೋಗುತ್ತೆ. ಹಿಂದಿನದು ಹಾಗಲ್ಲ, ಅದಕ್ಕೆ ಹ್ಯಾಂಡ್‌ಬ್ರೇಕ್ ಬೇರೆ ಗಂಟು ಬಿದ್ದಿರುತ್ತೆ. ಡಬ್ಬಿ ಮುಚ್ಚಳದ ಥರ ತಿರುಗಿಸ್ತಾ ಒತ್ತಬೇಕು, ತಿರುಗಿಸ್ತಾ ಬಿಚ್ಚಬೇಕು. ಗೊತ್ತಿಲ್ಲದವರು ಕ್ಲ್ಯಾಂಪ್ ಹಾಕಿ ಜೋರಾಗಿ ಒತ್ತಿ ಒಳಗಿನ ತಿರುಪಿನ ಮರೆ ಮುರಿದು ತಂದುಕೊಡ್ತಾರೆ. ಬಲವಂತಕ್ಕೆ ಹೆರಿಗೆ ಮಾಡಿಸೋಕಾಗುತ್ತಾ?”

ಕಿರ್ರ್ ಎಂದು ಸಣ್ಣದೊಂದು ಸದ್ದು. ಚಿಕ್ಕಮ್ಮನ ಹುಬ್ಬು ಮೇಲೇರುತ್ತದೆ. ಪಾನಾ ಅರ್ಧ ಸುತ್ತು ಹೋಯಿತು, ಇನ್ನರ್ಧ, ಆಮೇಲೆ ಪೂರ್ತಿ. ಪಿಸ್ಟನ್ ಕೈಗೆ ಬಂತು. ಅದರ ಮೈಮೇಲೆ ಕಂದು ಬಣ್ಣದ ಪಟ್ಟಿ. ಸುತ್ತಲಿದ್ದ ರಬ್ಬರ್ ಬೂಟು ಒಣದ್ರಾಕ್ಷಿಯಂತೆ ಮುದುಡಿದೆ. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಅವರ ಮುಖ ಅರಳಬೇಕಿತ್ತು. ಇವತ್ತು ಅರಳಲಿಲ್ಲ. ಯಾಕೆಂದರೆ ಇದೇ ಕಾರಿನ ಇದೇ ಚಕ್ರದ ಇದೇ ಪಿಸ್ಟನ್ ಅವರ ಕೈಗೆ ಬರುತ್ತಿರುವುದು ಇದು ಮೂರನೇ ಸಲ.

ಕಾರು ಡ್ರೈವಿಂಗ್ ಶಾಲೆಯದು. ನೆತ್ತಿಯ ಮೇಲೆ ಫಲಕ, ಮೈತುಂಬ ಗೀರು. ಶಾಲೆ ನಡೆಸುವ ಮೇಷ್ಟ್ರು ನಿನ್ನೆ ಸಂಜೆ ಅದನ್ನು ತಂದು ನಿಲ್ಲಿಸಿದಾಗ ಎಡಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು. ಬೇಕರಿ ನಡೆಸುವ ಹೆಂಗಸೊಬ್ಬರು ಅದೇ ಕಾರಿನಲ್ಲಿ ಲೈಸೆನ್ಸ್ ಪರೀಕ್ಷೆಗೆ ಹೋಗಿದ್ದರು. ದಿಬ್ಬದ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಇಳಿಸಿ, ಹೊರಡಬೇಕು. ಆಕೆ ಇಳಿಸಿದರು, ಚಕ್ರ ಬಿಡಲಿಲ್ಲ. ಕಾರು ಬಿಕ್ಕಳಿಸಿ ನಿಂತಿತು. ಎರಡನೇ ಸಲ, ಮೂರನೇ ಸಲವೂ ಅದೇ. ಪರೀಕ್ಷಕರು ತಲೆಯಲ್ಲಾಡಿಸಿ ಇಳಿದು ಹೋದರು.

“ಚಿಕ್ಕಮ್ಮ, ನಿಮ್ಮ ಮೇಲೆ ನನಗೆ ಗೌರವ ಇದೆ,” ಅಂದರು ಮೇಷ್ಟ್ರು. “ಆದ್ರೆ ಗೌರವ ಇಟ್ಕೊಂಡು ಗಾಡಿ ಓಡ್ಸೋಕಾಗಲ್ಲ. ಆಕೆಗೆ ಮುಂದಿನ ವಾರ ಮತ್ತೆ ಪರೀಕ್ಷೆ. ಆಗಲೂ ಹೀಗೇ ಕಚ್ಚಿದ್ರೆ ನನ್ನ ಗಾಡಿಗಳನ್ನೆಲ್ಲ ಬೇರೆ ಕಡೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ.”

ಬೇಜಾರು ಮಾಡಿಕೊಂಡವರು ಭಾವ. ಷೆಡ್ಡಿನ ಒಡೆಯರು, ಚಿಕ್ಕಮ್ಮನ ಅಕ್ಕನ ಗಂಡ. ಡ್ರೈವಿಂಗ್ ಶಾಲೆಯ ಗಾಡಿಗಳು ಷೆಡ್ಡಿನ ದಿನದ ಅನ್ನ. ಮೇಷ್ಟ್ರು ಹೋದ ಮೇಲೆ ಅವರು ಕೈ ಒರೆಸಿಕೊಳ್ಳುತ್ತ ಬೆಂಚಿನ ಹತ್ತಿರ ಬಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

“ನೋಡು, ಇದು ಕೊನೆ ಸಲ. ಇದೂ ತಿರುಗಿ ಬಂತೋ, ಇನ್ಮೇಲೆ ನಮ್ಮಲ್ಲಿ ಬಿಚ್ಚೋ ಕೆಲಸ ಇಲ್ಲ. ಹೊಸ ಪೀಸು ತರೋದು, ಹಾಕೋದು, ಕಳಿಸೋದು. ಊರೆಲ್ಲ ಹಾಗೇ ಮಾಡ್ತಿದೆ. ಈ ಬೆಂಚಿನ ಜಾಗದಲ್ಲಿ ಬ್ಯಾಟರಿ ರ‍್ಯಾಕ್ ನಿಲ್ಲಿಸ್ತೀನಿ.”

ಬಾಯಿಮಾತಲ್ಲ. ಹಿಂದಿನ ವಾರವೇ ಬಡಗಿಯೊಬ್ಬ ಬಂದು ಆ ಗೋಡೆಯ ಅಳತೆ ತೆಗೆದುಕೊಂಡು ಹೋಗಿದ್ದಾನೆ.

ಚಿಕ್ಕಮ್ಮ ಈ ಬೆಂಚಿಗೆ ಬಂದದ್ದು ಯಾರೂ ಯೋಜನೆ ಹಾಕಿದ್ದಲ್ಲ. ಅವರ ತಂದೆ ಪಂಪ್ ಸ್ಟವ್ ರಿಪೇರಿ ಮಾಡುತ್ತಿದ್ದರು. ಮನೆಯ ಜಗುಲಿಯೇ ಅಂಗಡಿ. ಹುಡುಗಿಯಾಗಿದ್ದಾಗ ಇವರ ಪಾಲಿನ ಕೆಲಸವೆಂದರೆ ಪಂಪಿನ ತುದಿಯ ಚರ್ಮದ ವಾಷರನ್ನು ಎಣ್ಣೆಯಲ್ಲಿ ನೆನೆಸಿ, ಬೆರಳಿನಿಂದ ಅಗಲಿಸಿ, ಮತ್ತೆ ಕೂರಿಸುವುದು. “ನಮ್ಮಪ್ಪ ಹೇಳೋರು, ಸ್ಟವ್ ಕೆಡೋದು ಕಬ್ಬಿಣದಿಂದಲ್ಲ ಮಗಳೇ, ವಾಷರಿನಿಂದ. ಕಾರಲ್ಲೂ ಅದೇ ಕಥೆ. ಎಲ್ಲರೂ ದೊಡ್ಡ ದೊಡ್ಡ ಕಬ್ಬಿಣ ನೋಡ್ತಾರೆ. ಮೋಸ ಮಾಡಿರೋದು ಬಳೆಯಷ್ಟು ದಪ್ಪದ ರಬ್ಬರು.”

ಅಕ್ಕನಿಗೆ ಎರಡನೇ ಹೆರಿಗೆಯಾದಾಗ ಮನೆ ನೋಡಿಕೊಳ್ಳಲು ಬಂದರು. ಷೆಡ್ಡಿನ ಹಿಂಗೋಡೆಗೆ ಅಂಟಿಕೊಂಡೇ ಅಕ್ಕನ ಅಡುಗೆಮನೆ. ನಡುವೆ ಒಂದು ಕಿಟಕಿ. ಆ ಕಿಟಕಿಯಿಂದ ಟೀ ಕೊಡುತ್ತ, ಖಾಲಿ ಲೋಟ ಇಸಕೊಳ್ಳುತ್ತ, ಒಂದು ದಿನ ಭಾವ ಬ್ರೇಕಿನ ಸೀಲಿಗೆ ಡಬ್ಬಿಯಲ್ಲಿದ್ದ ಸಾಮಾನ್ಯ ಗ್ರೀಸನ್ನೇ ಬಳಿಯುವುದನ್ನು ಕಂಡರು. “ಭಾವ, ರಬ್ಬರಿಗೆ ಆ ಗ್ರೀಸು ಹಚ್ಚಿದ್ರೆ ಊದಿಕೊಳ್ಳಲ್ವಾ?” ಎಂದು ಕಿಟಕಿಯಿಂದಲೇ ಕೇಳಿದರು. ಭಾವ “ಅಡುಗೆಮನೆಯಿಂದ ಸಲಹೆ ಬೇರೆ!” ಎಂದು ನಕ್ಕರು. ಆ ಗಾಡಿ ಊದಿದ ಸೀಲಿನೊಂದಿಗೆ ತಿರುಗಿ ಬಂದ ದಿನ ಅವರು ಕಿಟಕಿಗೆ ಬಂದು ಹೇಳಿದ ಮಾತನ್ನು ಚಿಕ್ಕಮ್ಮ ಇಂದಿಗೂ ಅವರ ದನಿಯಲ್ಲೇ ಹೇಳಿ ತೋರಿಸುತ್ತಾರೆ: “ಒಂದು ಸ್ಟೂಲು ಹಾಕ್ತೀನಿ. ಬಂದು ಕೂತ್ಕೋ.”

ಆ ಸ್ಟೂಲು ಇನ್ನೂ ಇದೆ. ಅದರ ಕಥೆ ಇನ್ನೂ ದೊಡ್ಡದು.

ಅಕ್ಕನ ಮಕ್ಕಳು ‘ಚಿಕ್ಕಮ್ಮ’ ಎಂದು ಕರೆಯುತ್ತ ಷೆಡ್ಡಿನಲ್ಲಿ ಓಡಾಡಿದ್ದರಿಂದ ಕೆಲಸಗಾರರು ಹಾಗೆಯೇ ಕರೆದರು, ಆಮೇಲೆ ಗಿರಾಕಿಗಳು, ಈಗ ಇಡೀ ರಸ್ತೆ. ತಲೆ ನರೆತ ಲಾರಿ ಡ್ರೈವರುಗಳಿಗೂ ಅವರು ಚಿಕ್ಕಮ್ಮನೇ. ಎದುರುಸಾಲಿನಲ್ಲಿ ಕಾರಿನ ಸೀಟು ಕವರು ಹೊಲಿಯುವ ಅಂಗಡಿ ಅವರ ಯಜಮಾನರದು. “ಇಷ್ಟು ದೊಡ್ಡ ಮಗ ನಿಮ್ಮಕ್ಕನಿಗೆ ಯಾವಾಗ ಹುಟ್ಟಿದ್ನೇ?” ಎಂದು ಅವರು ಹೊಲಿಗೆ ಯಂತ್ರದ ಹಿಂದಿನಿಂದ ಕೂಗಿ ಕೇಳುವುದುಂಟು. ಸಂಸಾರದ ಬಗ್ಗೆ ವಿಚಾರಿಸಿದರೆ ಅವರದು ಒಂದೇ ಮಾತು: “ಜನ ಕೂರೋದನ್ನ ನಾನು ನೋಡ್ಕೋತೀನಿ, ನಿಲ್ಲೋದನ್ನ ಅವಳು ನೋಡ್ಕೋತಾಳೆ.”

ಸ್ಟೂಲಿನ ಕಥೆಗೆ ಬರೋಣ. ಮೊದಮೊದಲು ಗಿರಾಕಿಗಳು ಬ್ರೇಕಿಗೆ ಹೆಂಗಸು ಕೈಹಾಕುವುದನ್ನು ಒಪ್ಪುತ್ತಿರಲಿಲ್ಲ. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಬ್ರೇಕ್ ಕೆಟ್ಟರೆ ನಿಲ್ಲುವುದಿಲ್ಲವಲ್ಲ! ಒಬ್ಬ ಟ್ಯಾಕ್ಸಿಯಾತ ಚಿಕ್ಕಮ್ಮ ಬಿಗಿದ ನಟ್ಟುಗಳನ್ನೆಲ್ಲ ಅವರ ಕಣ್ಣೆದುರೇ ಬಿಚ್ಚಿ ಇನ್ನೊಬ್ಬರಿಂದ ಬಿಗಿಸಿಕೊಂಡ. ಇವರು ಹೋಗಿ ಷೆಡ್ಡಿನ ಕೊನೆಯ ಗೋಡೆಗೆ ಬೆನ್ನು ಕೊಟ್ಟು ನಿಂತರು. “ಗಾಡಿ ನನ್ನ ಕಡೆಗೆ ಬಿಡಿ. ಬ್ರೇಕ್ ಒತ್ತಿ. ನಿಲ್ಲದಿದ್ರೆ ನೀವು ಹೇಳಿದ್ದೇ ಸರಿ.” ಆತ ಬೆವರುತ್ತ ಆಮೆಯಂತೆ ಬಂದ. ಗಾಡಿ ನಿಂತಿತು. ಅಂದಿನಿಂದ ಅದೇ ರೂಢಿಯಾಯಿತು. ಚಿಕ್ಕಮ್ಮ ಬ್ರೇಕ್ ಕೆಲಸ ಮುಗಿಸಿದರು ಅಂದರೆ ಗೋಡೆಗೆ ಬೆನ್ನು ಕೊಟ್ಟು ನಿಂತರು ಅಂತಲೇ ಅರ್ಥ.

ಒಂದು ದಿನ ಅಕ್ಕ ಕಿಟಕಿಯಿಂದ ಇದನ್ನು ನೋಡಿದರು. ಕೈಯಲ್ಲಿದ್ದ ಸೌಟಿನ ಸಮೇತ ಷೆಡ್ಡಿಗೆ ನುಗ್ಗಿದರು. “ನಿಂತ್ಕೊಳ್ಳೋದಾದ್ರೆ ಇವರನ್ನ ನಿಲ್ಲಿಸು!” ಎಂದು ಗಂಡನತ್ತ ಸೌಟು ತೋರಿಸಿದರು. ಭಾವ ಕೆಮ್ಮಿ ಬೇರೆ ಕಡೆ ನೋಡಿದರು. ಕೊನೆಗೆ ರಾಜಿಯಾಯಿತು. ಚಿಕ್ಕಮ್ಮನ ಬದಲು ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು ಅವರ ಸ್ಟೂಲು. ಇಷ್ಟು ವರ್ಷಗಳಲ್ಲಿ ಅದಕ್ಕೆ ಒಂದು ಗೀರೂ ಬಿದ್ದಿಲ್ಲ. “ಸವೆದಿದ್ರೆ ಅದು ನಾನು ಕೂತು ಸವೆದಿದ್ದು,” ಎನ್ನುತ್ತಾರೆ ಚಿಕ್ಕಮ್ಮ.

ಈಗ ದಿನಕ್ಕೆ ಐದಾರು ಕ್ಯಾಲಿಪರುಗಳು ಬೆಂಚಿಗೆ ಬರುತ್ತವೆ. ಮಳೆಗಾಲ ಕಳೆದ ಮೇಲೆ ಇನ್ನೂ ಹೆಚ್ಚು. ನೀರು ನುಗ್ಗಿ ತುಕ್ಕು ಹಿಡಿದವು. ಅಕ್ಕಪಕ್ಕದ ಷೆಡ್ಡುಗಳವರೂ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟು ಹೋಗುತ್ತಾರೆ. ಗಾಡಿಯ ಮಾಲೀಕನಿಗೆ ತನ್ನ ಬ್ರೇಕು ಯಾರ ಕೈಯಲ್ಲಿ ಬಿಡಿಸಿಕೊಂಡಿತು ಎಂಬುದೇ ತಿಳಿಯದು. ಬೆರಳ ತುದಿಗಳು ಒಡೆದಿವೆ, ಬ್ರೇಕ್ ಆಯಿಲ್ ತಾಗಿ ಚರ್ಮ ಬಿಳಿಚಿದೆ. ಸೊಂಟ ಆಗಾಗ ಮುನಿಸಿಕೊಳ್ಳುತ್ತದೆ. ಇಷ್ಟೆಲ್ಲ ಇದ್ದರೂ ಚಿಕ್ಕಮ್ಮನಿಗೆ ಒಂದು ವಿದ್ಯೆ ಬರುವುದಿಲ್ಲ: ಕಾರು ಓಡಿಸುವುದು. ಯಾರಾದರೂ ಕೆಣಕಿದರೆ, “ನಿಲ್ಲಿಸೋದು ನನ್ನ ಕೆಲಸ. ಓಡಿಸೋದು ನಿಮ್ಮದು,” ಎಂದು ಬಾಯಿ ಮುಚ್ಚಿಸುತ್ತಾರೆ.

ಇವತ್ತು ಬೆಳಿಗ್ಗೆ ಆ ಮಾತಿಗೆ ಅವಕಾಶವಿಲ್ಲ. ಚಿಕ್ಕಮ್ಮ ಪಿಸ್ಟನ್ನನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಾರೆ.

ಎರಡು ಸಲವೂ ಅವರು ಎಲ್ಲವನ್ನೂ ಕ್ರಮವಾಗಿಯೇ ನೋಡಿದ್ದರು. ಚಕ್ರ ಕಚ್ಚಿಕೊಂಡಿದ್ದಾಗ ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸಿದರು. ಪೈಪಿನಲ್ಲಿ ಆಯಿಲ್ ಸಿಕ್ಕಿಕೊಂಡು ಒತ್ತುತ್ತಿದ್ದರೆ ಆಗ ಚಕ್ರ ಬಿಡಬೇಕು, ಬಿಡಲಿಲ್ಲ. ಹಾಗಾದರೆ ಪೈಪಿನ ತಪ್ಪಲ್ಲ. ಕ್ಯಾಲಿಪರ್ ಜಾರುವ ಪಿನ್ನುಗಳು ಬೆಣ್ಣೆಯಂತೆ ಜಾರುತ್ತಿದ್ದವು. ಉಳಿದದ್ದು ಪಿಸ್ಟನ್. ಅದು ನಿಜಕ್ಕೂ ಅಂಟಿತ್ತು. ಬಿಚ್ಚಿ, ಉಜ್ಜಿ, ಹೊಸ ಸೀಲು ಹಾಕಿ ಕೂರಿಸಿದರು. ಗಾಡಿಯನ್ನು ಜಾಕ್ ಮೇಲೆ ಎತ್ತಿ ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟು ನೋಡಿದರೆ ಚಕ್ರ ಬುಗುರಿಯಂತೆ ತಿರುಗಿತು. ಸ್ಟೂಲಿನ ಪರೀಕ್ಷೆಯೂ ಆಯಿತು. ಎರಡು ವಾರಕ್ಕೆ ಮತ್ತೆ ಸುಟ್ಟ ವಾಸನೆ.

ಭಾವ ಷಟರನ್ನು ಪೂರ್ತಿ ಎತ್ತಿ ಒಳಗೆ ಬರುತ್ತಾರೆ. “ಬಂತಾ ಹೊರಗೆ?”

“ಬಂತು. ಭಾವ, ಬಲಗಡೆ ಚಕ್ರದ್ದೂ ಇಷ್ಟೇ ಹಳೇದು ತಾನೇ?”

“ಹೌದು. ಅದಕ್ಕೇನಾಗಿದೆ? ಚೆನ್ನಾಗಿದೆ.”

“ಅದೇ ನಾನೂ ಕೇಳ್ತಿರೋದು. ಒಂದೇ ತಾಯಿ ಮಕ್ಕಳು, ಒಂದೇ ತಟ್ಟೇಲಿ ಊಟ. ಒಬ್ಬನಿಗೆ ಮಾತ್ರ ಮೂರು ಸಲ ಜ್ವರ ಬಂದ್ರೆ ಮದ್ದು ಬದಲಾಯಿಸಿದ್ರೆ ಸಾಲ್ದು. ಆ ಹುಡುಗ ಎಲ್ಲಿಗೆ ಆಡೋಕೆ ಹೋಗ್ತಾನೆ ಅಂತ ನೋಡ್ಬೇಕು.”

“ಅಂದ್ರೆ?”

“ರಿಪೇರಿ ಆದ್ಮೇಲೆ ಗಾಡಿ ನಮ್ಮ ಷೆಡ್ಡಲ್ಲಿ ಕಚ್ಚೋದೇ ಇಲ್ಲ. ಮತ್ತೆ ಕಚ್ಚೋದೆಲ್ಲ ಮೇಷ್ಟ್ರ ಮೈದಾನದಲ್ಲಿ ಓಡಿದ್ಮೇಲೆ. ನಾನು ಅಲ್ಲಿಗೆ ಹೋಗ್ತೀನಿ.”

ಭಾವ ಬೆಂಚನ್ನೂ, ಹಿಂದಿನ ಗೋಡೆಯನ್ನೂ ಒಮ್ಮೆ ನೋಡಿ, “ಹೋಗು ಹಾಗಾದ್ರೆ. ಆದ್ರೆ ಅದೇ ಕೊನೆ,” ಅನ್ನುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಹೊಸ ಸೀಲು, ಹೊಸ ಬೂಟು ಹಾಕಿಸಿಕೊಂಡು ಕಾರು ಸಿದ್ಧ. ಮೇಷ್ಟ್ರ ಮೈದಾನವೆಂದರೆ ಒಂದು ಹಳೆಯ ಗೋದಾಮಿನ ಹಿಂದಿನ ಸಿಮೆಂಟು ಅಂಗಳ, ಸುತ್ತ ಗೋಡೆ. ನೆಲದ ಮೇಲೆ ಬಿಳಿ ಗೆರೆ, ನಾಲ್ಕು ಡ್ರಮ್ಮು, ಒಂದು ಪುಟ್ಟ ದಿಬ್ಬ, ಪಕ್ಕಕ್ಕೆ ಗಾಡಿ ನಿಲ್ಲಿಸುವುದನ್ನು ಕಲಿಯಲು ಎತ್ತರದ ಒಂದು ಕಲ್ಲಿನ ಅಂಚು. ಬೇಕರಿಯ ಹೆಂಗಸು ಅಲ್ಲೇ ಕಾಯುತ್ತ ನಿಂತಿದ್ದಾರೆ. ಜೊತೆಗೆ ಅವರ ಅತ್ತಿಗೆ, ಅವರೂ ಕಲಿಯುತ್ತಿರುವವರೇ. ಇಬ್ಬರೂ ದಷ್ಟಪುಷ್ಟರು. ಮೇಷ್ಟ್ರೂ ಕಮ್ಮಿಯಿಲ್ಲ.

ಚಿಕ್ಕಮ್ಮ ಮೊದಲು ಡ್ರಮ್ಮಿನ ಮೇಲೆ ಕೂತು ನೋಡುತ್ತಾರೆ. ಬೇಕರಿಯವರು ಓಡಿಸುತ್ತಾರೆ. ಒಂದು ಸುತ್ತು, ಎರಡು ಸುತ್ತು. ಏನೂ ಆಗುವುದಿಲ್ಲ. ಹೊರಗೆ ಕೂತವರಿಗೆ ಏನು ಕಂಡೀತು?

“ಹೀಗೆ ನೋಡಿದ್ರೆ ಗೊತ್ತಾಗಲ್ಲ ಚಿಕ್ಕಮ್ಮ,” ಎಂದು ಮೇಷ್ಟ್ರು ಕಿಟಕಿಯಿಂದ ತಲೆ ಹಾಕಿ ಕೂಗುತ್ತಾರೆ. “ಒಂದು ದಿನ ನನ್ನ ಸ್ಟೂಡೆಂಟ್ ಆಗಿ ನೋಡಿ, ನನ್ನ ಕಷ್ಟ ಗೊತ್ತಾಗುತ್ತೆ!”

ತಮಾಷೆಗೆ ಅಂದ ಮಾತು. ಚಿಕ್ಕಮ್ಮ ಮಾತ್ರ ಡ್ರಮ್ಮಿನಿಂದ ಇಳಿದು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಬಂದೇಬಿಟ್ಟರು. “ಸರಿ, ಆಗ್ತೀನಿ. ಜರುಗಿ.”

ಬೇಕರಿಯವರು ಇಳಿದು ಹಿಂದಿನ ಸೀಟಿಗೆ, ಅತ್ತಿಗೆಯ ಪಕ್ಕಕ್ಕೆ ಹೋಗುತ್ತಾರೆ. ಶಾಲೆಯ ಪದ್ಧತಿಯೇ ಹಾಗೆ. ಒಬ್ಬರು ಓಡಿಸುವಾಗ ಸರದಿ ಕಾಯುವವರು ಹಿಂದೆ ಕೂತು ನೋಡಿ ಕಲಿಯಬೇಕು. ಕಾರಿನ ಹಿಂಭಾಗ ನಿಟ್ಟುಸಿರು ಬಿಟ್ಟಂತೆ ಕೆಳಗಿಳಿಯುತ್ತದೆ. ಚಿಕ್ಕಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ಸ್ಟೀರಿಂಗ್ ಹಿಂದೆ ಕೂತಿದ್ದಾರೆ. ಕಾಲಿಗೆ ಬ್ರೇಕು ಸಿಕ್ಕ ತಕ್ಷಣ ಹಳೆಯ ಗುರುತಿನವರು ಸಿಕ್ಕಂತೆ ಮುಖ ಸಡಿಲವಾಗುತ್ತದೆ.

“ಅದನ್ನ ಬಿಡಿ ಚಿಕ್ಕಮ್ಮ, ಕ್ಲಚ್ ನೋಡಿ ಕ್ಲಚ್ಚು!”

“ನನಗೆ ಗೊತ್ತಿರೋದು ಇದೊಂದೇ ಮೇಷ್ಟ್ರೇ. ಸ್ವಲ್ಪ ಹೊತ್ತು ಧೈರ್ಯಕ್ಕೆ ಇಟ್ಕೋತೀನಿ.”

ಕಾರು ಎರಡು ಬಾರಿ ಬಿಕ್ಕಿ, ಮೂರನೆಯ ಬಾರಿ ಹೊರಡುತ್ತದೆ. ಹಿಂದಿನ ಸೀಟಿನಿಂದ ಚಪ್ಪಾಳೆ. ಅಂಗಳದ ಉದ್ದಕ್ಕೂ ಹೋಗಿ, ಹಿಮ್ಮುಖವಾಗಿ ಬಂದು, ಕಲ್ಲಿನ ಅಂಚಿನ ಪಕ್ಕದಲ್ಲಿ ನಿಲ್ಲಿಸಬೇಕು. ಚಿಕ್ಕಮ್ಮ ಕನ್ನಡಿ ನೋಡುತ್ತಾರೆ, ಮೇಷ್ಟ್ರ ಮುಖ ನೋಡುತ್ತಾರೆ, ಮತ್ತೆ ಕನ್ನಡಿ ನೋಡುತ್ತಾರೆ. ಹಿಂದಿನ ಎಡಚಕ್ರ ಕಲ್ಲನ್ನು ಹತ್ತಿಯೇಬಿಡುತ್ತದೆ, ಧಡಕ್ಕನೆ ಇಳಿಯುತ್ತದೆ. ಇಳಿಯುವಾಗ ಕೆಳಗಿನಿಂದ ಕಬ್ಬಿಣಕ್ಕೆ ಕಲ್ಲು ತಾಗಿದ ಸದ್ದು. ಠಕ್!

“ಚಿಂತೆ ಮಾಡ್ಬೇಡಿ, ಎಲ್ಲರೂ ಗುದ್ದೋದು ಅಲ್ಲೇ,” ಎಂದು ಮೇಷ್ಟ್ರು ಸಮಾಧಾನ ಹೇಳುತ್ತಾರೆ. “ನಾನೂ ಅದೇ ಜಾಗಕ್ಕೆ ಗುದ್ದೇ ಕಲಿತಿದ್ದು.”

ಚಿಕ್ಕಮ್ಮನ ಕೈ ಸ್ಟೀರಿಂಗಿನ ಮೇಲೆ ಹಾಗೆಯೇ ನಿಂತಿದೆ. “ಏನಂದ್ರಿ?”

“ಎಲ್ಲರೂ ಅಲ್ಲೇ...”

“ಹಿಂದಿನ ಎಡಚಕ್ರ?”

“ಇನ್ನೇನು, ಕಲ್ಲು ಇರೋದು ಎಡಕ್ಕೇ ಅಲ್ವಾ?”

ಚಿಕ್ಕಮ್ಮ ಹ್ಯಾಂಡ್‌ಬ್ರೇಕ್ ಎಳೆದು, ಇಳಿಸಿ, ಎಂಜಿನ್ ಆರಿಸುತ್ತಾರೆ. ಇಳಿದು, ಮುಂದಿನ ಚಕ್ರಗಳಿಗೆ ಹಿಂದೊಂದು ಮುಂದೊಂದು ಇಟ್ಟಿಗೆ ಕೊಡುತ್ತಾರೆ. ಹಿಂದಿನ ಇಬ್ಬರೂ ಬಾಗಿಲಿಗೆ ಕೈಹಾಕುವುದನ್ನು ನೋಡಿ, ಷೆಡ್ಡಿನಲ್ಲಿ ಯಾರೂ ಎಂದೂ ಕೇಳಿರದಷ್ಟು ದೊಡ್ಡ ದನಿಯಲ್ಲಿ ಗದರುತ್ತಾರೆ. “ಯಾರೂ ಇಳೀಬೇಡಿ! ಹಾಗೇ ಕೂತಿರಿ!”

ಅವರು ಸೆರಗು ತಲೆಗೆ ಸುತ್ತಿ, ಎಡಚಕ್ರದ ಹಿಂದೆ ಸಿಮೆಂಟಿನ ಮೇಲೆ ಅಂಗಾತ ಮಲಗುತ್ತಾರೆ. ಕೈಯಲ್ಲಿ ಟಾರ್ಚು. ಕ್ಯಾಲಿಪರಿನ ಬೆನ್ನಿಗೆ ಹ್ಯಾಂಡ್‌ಬ್ರೇಕಿನ ಕೇಬಲ್ ಬಂದು ಸೇರುವ ಕಡೆ ಬೆರಳುದ್ದದ ಒಂದು ಲಿವರ್ ಇದೆ. ಹ್ಯಾಂಡ್‌ಬ್ರೇಕ್ ಇಳಿಸಿದಾಗ ಅದು ಪೂರ್ತಿ ಹಿಂದೆ ಬಂದು ತನ್ನ ಮೊಳೆಗೆ ತಾಗಿ ಕೂರಬೇಕು. ಕೂತಿಲ್ಲ. ಉಗುರಿನ ದಪ್ಪದಷ್ಟು ಸಂದು. ಟಾರ್ಚನ್ನು ಸ್ವಲ್ಪ ಈಚೆ ತಂದರೆ ಕಾರಣವೂ ಅಲ್ಲೇ ಇದೆ. ಕೇಬಲನ್ನು ಹಿಡಿದಿಡುವ ತಗಡಿನ ಬ್ರಾಕೆಟ್ಟು ಕಲ್ಲಿನ ಏಟು ತಿಂದು ತಿಂದು ಒಳಕ್ಕೆ ಬಾಗಿದೆ. ಕಾರಿನ ಬೆನ್ನು ಭಾರಕ್ಕೆ ತಗ್ಗಿದಾಗ ಕೇಬಲ್ಲು ಆ ಬಾಗಿನಲ್ಲಿ ಮಡಿಸಿಕೊಂಡು, ಇಲಿಯ ಬಾಲ ಬಾಗಿಲಿಗೆ ಸಿಕ್ಕಂತೆ ಸಿಕ್ಕಿಕೊಂಡಿದೆ.

“ಈಗ ಅತ್ತಿಗೆಯೋರು ಒಬ್ಬರೇ ಇಳೀರಿ,” ಕೆಳಗಿನಿಂದ ದನಿ ಬರುತ್ತದೆ.

ಅತ್ತಿಗೆ ಇಳಿಯುತ್ತಾರೆ. ಕಾರಿನ ಬೆನ್ನು ಎರಡು ಬೆರಳು ಏಳುತ್ತದೆ. ಕೇಬಲ್ ಕೊಂಚ ನೆಟ್ಟಗಾಗುತ್ತದೆ.

“ಈಗ ಬೇಕರಿಯೋರು, ಮೇಷ್ಟ್ರು ಇಬ್ಬರೂ.”

ಕಾರು ಇನ್ನಷ್ಟು ಏಳುತ್ತದೆ. ಚಿಕ್ಕಮ್ಮನ ಕಣ್ಣೆದುರೇ ಲಿವರ್ ಮೆಲ್ಲಗೆ ತೆವಳಿ, ಟಕ್ ಎಂದು ಮೊಳೆಗೆ ತಾಗಿ ಕೂರುತ್ತದೆ. ಅವರು ಆ ಸಿಮೆಂಟಿನ ಮೇಲೆಯೇ ಮಲಗಿ ನಗಲು ಶುರು ಮಾಡುತ್ತಾರೆ. ಮೇಲೆ ನಿಂತ ಮೂವರಿಗೂ ಗಾಬರಿ. “ಚಿಕ್ಕಮ್ಮ, ತಲೆಗೇನಾದ್ರೂ ತಗುಲ್ತಾ?”

“ತಗುಲ್ತು ಮೇಷ್ಟ್ರೇ, ಇವತ್ತು ತಲೆಗೆ ತಗುಲ್ತು!”

ಎದ್ದು, ಧೂಳು ಕೊಡವಿಕೊಳ್ಳುತ್ತ ಅವರು ಬಿಡಿಸಿ ಹೇಳುತ್ತಾರೆ. ಷೆಡ್ಡಿನಲ್ಲಿ ಜಾಕ್ ಹಾಕಿ ಎತ್ತಿದರೆ ಚಕ್ರ ಕೆಳಗೆ ಜೋತು ಬೀಳುತ್ತದೆ, ಕೇಬಲ್ ನೆಟ್ಟಗಾಗುತ್ತದೆ, ರೋಗವೇ ಮಾಯ. ಸ್ಟೂಲಿನ ಪರೀಕ್ಷೆಯಲ್ಲೂ ಗಾಡಿಯಲ್ಲಿ ಒಬ್ಬರೇ. ಹಿಂದೆ ಇಬ್ಬರನ್ನು ಕೂರಿಸಿಕೊಂಡು ದಿನವಿಡೀ ಓಡುವುದು ಇಲ್ಲಿ ಮಾತ್ರ. ಆಗ ಬ್ರೇಕು ಬಿಟ್ಟರೂ ಬಿಡುವುದಿಲ್ಲ. ಪ್ಯಾಡು ಉಜ್ಜುತ್ತಲೇ ಇರುತ್ತದೆ, ಕಾಯುತ್ತದೆ, ರಬ್ಬರು ಬೇಯುತ್ತದೆ, ಪಿಸ್ಟನ್ ಅಂಟುತ್ತದೆ. ಪರೀಕ್ಷೆಗೆ ಹೋಗುವ ಹೊತ್ತಿಗೆ ಅದು ಅಂಟಿಯೇ ಆಗಿತ್ತು. “ನಾನು ಎರಡು ಸಲ ಜ್ವರಕ್ಕೆ ಮದ್ದು ಕೊಟ್ಟೆ. ಗಾಯ ಇಲ್ಲಿತ್ತು. ಜಾಕಿನ ಮೇಲಿರೋ ಗಾಡಿ ಸುಳ್ಳು ಹೇಳುತ್ತೆ ನೋಡಿ. ಮೇಲೆ ಎತ್ತಿ ಕೂರಿಸಿದ್ರೆ ಯಾರು ತಾನೇ ಕಷ್ಟ ಹೇಳ್ಕೋತಾರೆ?”

ಬೇಕರಿಯವರು ಸೊಂಟದ ಮೇಲೆ ಕೈಯಿಟ್ಟು ಮೇಷ್ಟ್ರನ್ನು ನೋಡುತ್ತಾರೆ. “ಅಂದ್ರೆ ನಾನು ಫೇಲಾಗಿದ್ದು ನಮ್ಮ ತೂಕಕ್ಕಾ?”

“ನಿಮ್ಮೊಬ್ಬರದ್ದೇ ಅಲ್ಲಮ್ಮ,” ಮೇಷ್ಟ್ರು ತಮ್ಮ ಹೊಟ್ಟೆ ಸವರಿಕೊಳ್ಳುತ್ತಾರೆ. “ನಂದೂ ಪಾಲಿದೆ.”

ಬ್ರಾಕೆಟ್ಟನ್ನು ಅಲ್ಲಿಯೇ ಬಡಿದು ನೇರ ಮಾಡಬಹುದಿತ್ತು. ಚಿಕ್ಕಮ್ಮ ಮಾಡುವುದಿಲ್ಲ. ಷೆಡ್ಡಿಗೆ ತಂದು, ಹೊಸ ಕೇಬಲ್ ಹಾಕಿ, ಬ್ರಾಕೆಟ್ಟನ್ನು ಎರಡು ಬೆರಳು ಮೇಲಕ್ಕೆ, ಕಲ್ಲು ಮುಟ್ಟದ ಕಡೆಗೆ ಸರಿಸಿ ಬೆಸುಗೆ ಹಾಕಿಸುತ್ತಾರೆ. ಆಮೇಲೆ ಭಾವನನ್ನು, ಯಜಮಾನರನ್ನು, ಸೌಟಿನ ಸಮೇತ ಅಕ್ಕನನ್ನೂ ಹಿಂದಿನ ಸೀಟಿನಲ್ಲಿ ಒತ್ತಿ ಕೂರಿಸಿ, ತಾವು ಎಡಚಕ್ರದ ಹಿಂದೆ ನೆಲದ ಮೇಲೆ ಮಲಗಿ ಟಾರ್ಚು ಹಿಡಿಯುತ್ತಾರೆ. ಮುಂದೆ ಕೂತ ಮೇಷ್ಟ್ರು ಹ್ಯಾಂಡ್‌ಬ್ರೇಕ್ ಎಳೆದು ಇಳಿಸುತ್ತಾರೆ. ಟಕ್. ಮತ್ತೆ. ಟಕ್. ಮತ್ತೆ. ಟಕ್.

“ಏ ಇವಳೇ, ಸೀಟು ಕವರು ನಂದೇ ಹೊಲಿಗೆ, ಹರಿದೀತು, ಬೇಗ ಮುಗಿಸು!” ಎಂದು ಯಜಮಾನರು ಒಳಗಿನಿಂದ ಕೂಗುತ್ತಾರೆ.

ಭಾವ ಇಳಿದು, ಮೂರನೆಯ ಟಕ್ ಕೇಳಿಸಿದ ಚಕ್ರವನ್ನು ಒಂದು ಗಳಿಗೆ ನೋಡಿ, ತಮ್ಮ ಕೆಲಸಕ್ಕೆ ಹೋಗುತ್ತಾರೆ.

ಮುಂದಿನ ವಾರದ ಪರೀಕ್ಷೆಯ ದಿನ ಚಿಕ್ಕಮ್ಮ ಬೆಂಚಿನ ಮುಂದೆ ಕೂತಿದ್ದಾರೆ, ಆದರೆ ಪಾನಾ ಓಡುತ್ತಿಲ್ಲ. ಒಂದೇ ಸೀಲನ್ನು ಎಷ್ಟು ಹೊತ್ತಿನಿಂದ ಒರೆಸುತ್ತಿದ್ದಾರೋ. ಕೊನೆಗೆ ರಸ್ತೆಯ ತಿರುವಿನಿಂದಲೇ ಹಾರನ್ ಕೇಳಿಸುತ್ತದೆ. ಒಂದಲ್ಲ, ಮದುವೆ ದಿಬ್ಬಣದಂತೆ ಉದ್ದಕ್ಕೂ ಹಾರನ್. ಸ್ಟೀರಿಂಗ್ ಹಿಡಿದಿರುವವರು ಬೇಕರಿಯವರು. ಪಕ್ಕದಲ್ಲಿ ಮೇಷ್ಟ್ರು ಎರಡೂ ಕೈ ಬಿಟ್ಟು ಕೂತಿದ್ದಾರೆ. ಕಾರು ಷೆಡ್ಡಿನ ಮುಂದೆ ನಿಲ್ಲುತ್ತದೆ. ಎಡಚಕ್ರದಿಂದ ವಾಸನೆಯಿಲ್ಲ. ವಾಸನೆ ಬರುತ್ತಿರುವುದು ಮೇಷ್ಟ್ರ ಮಡಿಲಲ್ಲಿರುವ ಬಿಸಿ ಬನ್ನುಗಳ ಬುಟ್ಟಿಯಿಂದ.

“ದಿಬ್ಬದ ಮೇಲೆ ಇಳಿಸಿದೆ ನೋಡಿ ಚಿಕ್ಕಮ್ಮ, ಹ್ಯಾಂಡ್‌ಬ್ರೇಕು! ಬೆಣ್ಣೇಲಿ ಕೂದಲು ತೆಗೆದ ಹಾಗೆ ಬಿಡ್ತು!” ಆಕೆಯ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಮೇಷ್ಟ್ರು ಇಳಿದವರೇ ಹೇಳುವುದು ಬೇರೆ ಮಾತು. ತಮ್ಮ ಉಳಿದ ಎರಡು ಗಾಡಿಗಳನ್ನೂ ನಾಳೆ ತರುತ್ತಾರಂತೆ. ಅವುಗಳ ಬ್ರಾಕೆಟ್ಟೂ ಅದೇ ಕಲ್ಲಿನ ಏಟು ತಿಂದಿರಬೇಕಲ್ಲ.

ಸಂಜೆ ಬಡಗಿ ಬರುತ್ತಾನೆ. ಭಾವ ಅವನನ್ನು ಬೆಂಚಿನ ಗೋಡೆಗೆ ಕರೆದೊಯ್ಯುವುದಿಲ್ಲ. ಎದುರಿನ ಗೋಡೆ ತೋರಿಸುತ್ತಾರೆ. “ರ‍್ಯಾಕು ಇಲ್ಲಿ. ಅಲ್ಲಿ ಬೆಂಚನ್ನ ಇನ್ನೊಂದು ಮೊಳ ಉದ್ದ ಮಾಡು.” ಚಿಕ್ಕಮ್ಮ ಕೇಳಿಸಿಕೊಂಡರೂ ತಲೆಯೆತ್ತುವುದಿಲ್ಲ. ಕಿಟಕಿಯಿಂದ ಮಾತ್ರ ಅಕ್ಕನ ದನಿ ಬರುತ್ತದೆ: “ಅಂತೂ ಪಿಸ್ಟನ್ ಒಂದೇ ಅಲ್ಲ ಬಿಟ್ಟಿದ್ದು.”

ಚಿಕ್ಕಮ್ಮನಿಗೆ ಇನ್ನೇನು ಆಸೆ ಎಂದು ಕೇಳಿದರೆ ಮೊದಲು ಹೊಸ ವೈಸ್ ಅನ್ನುತ್ತಾರೆ. ಒತ್ತಾಯಿಸಿದರೆ ಸೆರಗಿನಿಂದ ಕೈ ಒರೆಸಿಕೊಂಡು, ದನಿ ತಗ್ಗಿಸಿ ನಿಜ ಹೇಳುತ್ತಾರೆ. ಆವತ್ತು ಅಂಗಳದಲ್ಲಿ ಕಾರು ಮೂರನೇ ಬಿಕ್ಕಿಗೆ ಹೊರಟಿತಲ್ಲ, ಆ ಗಳಿಗೆ ಇನ್ನೂ ಕಾಲಿನಲ್ಲೇ ಉಳಿದುಬಿಟ್ಟಿದೆ. “ಇಷ್ಟು ವರ್ಷ ಬ್ರೇಕನ್ನ ಹಿಂದಿನಿಂದ ನೋಡಿದೀನಿ. ಒಂದು ಸಲ ಮುಂದಿನಿಂದ ನೋಡ್ಬೇಕು ಅಂತ.” ಮೇಷ್ಟ್ರು ಕಲಿಸಲು ಒಪ್ಪಿದ್ದಾರೆ. ಬೆಳಗಿನ ಹೊತ್ತು, ಗಿರಾಕಿಗಳು ಬರುವ ಮುನ್ನ.

ಹೀಗಾಗಿ ಈಗ ಬೆಳಿಗ್ಗೆ ಬೆಂಚಿನ ಮುಂದೆ ಯಾರೂ ಇಲ್ಲ. ಡ್ರೈವಿಂಗ್ ಶಾಲೆಯ ಕಾರು ಮೈದಾನದಿಂದ ಹೊರಟು, ಮೇಷ್ಟ್ರ ಕೈಯಲ್ಲಿ ರಸ್ತೆ ದಾಟಿ ಷೆಡ್ಡಿಗೆ ಬರುತ್ತದೆ. ಷೆಡ್ಡಿನ ಬಾಗಿಲಲ್ಲಿ ಸೀಟು ಅದಲುಬದಲಾಗುತ್ತದೆ. ಇನ್ನುಳಿದ ದಾರಿ ಚಿಕ್ಕಮ್ಮನದು. ಎದುರಿಗೆ ಕೊನೆಯ ಗೋಡೆ. ಗೋಡೆಯ ಮುಂದೆ ಸ್ಟೂಲು.

ಇವತ್ತು ಭಾವ ಸ್ಟೂಲನ್ನು ಎತ್ತಿ ಪಕ್ಕಕ್ಕಿಟ್ಟಿದ್ದಾರೆ. ಆ ಜಾಗದಲ್ಲಿ ಗೋಡೆಗೆ ಬೆನ್ನು ಕೊಟ್ಟು, ಕೈ ಕಟ್ಟಿ, ತಾವೇ ನಿಂತಿದ್ದಾರೆ. ಕಿಟಕಿಯಲ್ಲಿ ಅಕ್ಕನ ಸೌಟು ಗಾಳಿಯಲ್ಲೇ ನಿಂತಿದೆ. ಎದುರುಸಾಲಿನ ಹೊಲಿಗೆ ಯಂತ್ರದ ಸದ್ದೂ ನಿಂತಿದೆ.

ಕಾರು ಆಮೆಯಂತೆ ಬರುತ್ತದೆ. ಚಿಕ್ಕಮ್ಮ ಬ್ರೇಕ್ ಒತ್ತುತ್ತಾರೆ. ಸದ್ದಿಲ್ಲದೆ ನಿಲ್ಲುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಇಳಿದು ಬಂದು, ಬಂಪರಿನಿಂದ ಭಾವನ ಮೊಣಕಾಲಿನವರೆಗೆ ಕೈಯಗಲಿಸಿ ಅಳೆಯುತ್ತಾರೆ. ಒಂದು ಗೇಣು ತುಂಬ ಇದೆ.

“ಸಾಕು ಭಾವ, ನಾಳೆಯಿಂದ ಸ್ಟೂಲೇ ಇರಲಿ,” ಅನ್ನುತ್ತಾರೆ. “ಬ್ರೇಕನ್ನ ನಂಬಬಹುದು, ಅದು ನಾನು ಕಟ್ಟಿದ್ದು. ಡ್ರೈವರ್ ಮಾತ್ರ ಇನ್ನೂ ಹೊಸಬಳು.”